ಡಿಕ್ಕಿ ಶಾಕ್ ಬದಲಿಸುವಾಗ: ಮಾಡಬೇಕಾದ್ದು, ಮಾಡಬಾರದ್ದು

ದಾವಣಗೆರೆ ಮತ್ತು ಹರಿಹರದ ಗಾಡಿ ಮಾಲೀಕರು, ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನವರು, ಗುಜರಿ ಅಂಗಡಿಯವರ ಗಮನಕ್ಕೆ

ಕಾರು, ಓಮ್ನಿ, ಆಂಬುಲೆನ್ಸ್‌ಗಳ ಹಿಂಬಾಗಿಲನ್ನೂ ಬಸ್ಸಿನ ಲಗೇಜ್ ಡಿಕ್ಕಿಯ ಮುಚ್ಚಳವನ್ನೂ ಮೇಲೆತ್ತಿ ಹಿಡಿಯುವುದು ಗ್ಯಾಸ್ ಸ್ಟ್ರಟ್, ಅಂದರೆ ಡಿಕ್ಕಿ ಶಾಕ್. ಮುಚ್ಚಿದ ಉಕ್ಕಿನ ಕೊಳವೆ, ಅದರೊಳಗೆ ಭಾರಿ ಒತ್ತಡದ ನೈಟ್ರೋಜನ್, ಸೀಲ್ ಒಣಗದಿರಲು ಸ್ವಲ್ಪ ಎಣ್ಣೆ, ಒಳಗೂ ಹೊರಗೂ ಆಡುವ ರಾಡ್: ಇಷ್ಟೇ ಅದರ ಕಟ್ಟು. ವರ್ಷಗಳು ಕಳೆದಂತೆ ಸೀಲ್ ಸವೆದು ಗ್ಯಾಸ್ ಸೋರುತ್ತದೆ, ಡಿಕ್ಕಿ ನಿಲ್ಲುವುದಿಲ್ಲ.

ಆಗ ಹೆಚ್ಚಿನವರು ಮಾಡುವುದೇನು? ಕೋಲು ಆನಿಸುತ್ತಾರೆ. ಮಂಡಕ್ಕಿ ಚೀಲ ತುಂಬುವ ಓಮ್ನಿಯ ಹಿಂದೆ ನಿಂತು ನೋಡಿ. ಬಾಗಿಲಿಗೆ ಹಳೇ ಪೊರಕೆಯ ಕೋಲು ಆನಿಸಿದೆ. ಹುಡುಗ ಸೊಂಟದವರೆಗೆ ಒಳಗೆ ಬಗ್ಗಿ ಚೀಲ ಎಳೆಯುತ್ತಿದ್ದಾನೆ. ಚೀಲದ ಮೂಲೆ ಕೋಲಿಗೆ ತಾಗಿದರೆ ಸಾಕು, ಬಾಗಿಲು ಅವನ ಬೆನ್ನಿಗೆ ಬೀಳುತ್ತದೆ. ಇದು ತಪ್ಪಬೇಕು. ತಪ್ಪಿಸುವುದು ಕಷ್ಟದ ಕೆಲಸವೂ ಅಲ್ಲ.

ಮಾಡಬೇಕಾದ್ದು

1. ಬೆಳಗಿನ ಚಳಿಯಲ್ಲಿ ಪರೀಕ್ಷಿಸಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಶಾಕ್‌ನ ಬಲ ಸುಮಾರು ಶೇ 3ರಿಂದ 4ರಷ್ಟು ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನಿಲ್ಲುವ ಡಿಕ್ಕಿ ಬೆಳಿಗ್ಗೆ ಕುಸಿದರೆ ಶಾಕ್ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ. ರಾಡ್ ಮೇಲೆ ಎಣ್ಣೆ ಜಿನುಗಿದ್ದರೆ, ತುಕ್ಕು ಹಿಡಿದಿದ್ದರೆ, ಗೀರು ಬಿದ್ದಿದ್ದರೆ ಕಾಯಬೇಡಿ.

2. ಕೊಳವೆಯ ಮೇಲಿನ ಬರಹ ಓದಿ. ಅಲ್ಲಿ ಪಾರ್ಟ್ ನಂಬರ್ ಇರುತ್ತದೆ, ಸಾಮಾನ್ಯವಾಗಿ ನ್ಯೂಟನ್ ಲೆಕ್ಕದಲ್ಲಿ ಬಲವೂ ಇರುತ್ತದೆ. 400 ನ್ಯೂಟನ್ ಎಂದರೆ ಸುಮಾರು 40 ಕಿಲೋ ಭಾರ ಎತ್ತುವಷ್ಟು ಬಲ. ಉದ್ದ, ರಾಡಿನ ಓಟ, ಬಲ ಮೂರೂ ಹೊಂದುವ ಶಾಕನ್ನೇ ತನ್ನಿ.

3. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹಳೆಯದು ಇದ್ದ ದಿಕ್ಕಿಗೇ ಹೊಸದು ಕೂರಬೇಕು. ಸಾಮಾನ್ಯವಾಗಿ ಡಿಕ್ಕಿ ಮುಚ್ಚಿದಾಗ ರಾಡ್ ಕೆಳಮುಖವಾಗಿರಬೇಕು. ಆಗಲೇ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಕಾಯುತ್ತದೆ.

4. ಡಿಕ್ಕಿ ಪೂರ್ತಿ ತೆರೆದು, ಗಟ್ಟಿ ಕಟ್ಟಿಗೆ ಆನಿಸಿ, ಜೊತೆಗೊಬ್ಬರು ಕೈಯಲ್ಲೂ ಹಿಡಿದಿರಲಿ. ಎರಡೂ ಬದಿಯ ಕೆಲಸ ಮುಗಿಯುವವರೆಗೆ ಆ ಆಸರೆ ಕದಲಬಾರದು.

5. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ತುದಿಯ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ತುಸುವೇ ಎತ್ತಿ, ಶಾಕನ್ನು ಅದು ಕೂತಿರುವ ಗುಂಡಿನಿಂದ (ಬಾಲ್ ಸ್ಟಡ್) ಎಳೆಯಿರಿ. ಹೊಸದನ್ನು ‘ಟಕ್’ ಎನ್ನುವವರೆಗೆ ಒತ್ತಿ. ಹೊಸ ಶಾಕ್ ಕೈಯಿಂದ ಅದುಮಿದರೆ ಒಳಗೆ ಹೋಗುವುದಿಲ್ಲ, ಅದು ದೋಷವಲ್ಲ.

6. ಎರಡಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಿಂಜಿನ ಬೋಲ್ಟ್‌ಗಳನ್ನೂ ತುಕ್ಕು ಹಿಡಿದ ಗುಂಡುಗಳನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಮಾಡಬಾರದ್ದು

1. ಶಾಕನ್ನು ಕೊಯ್ಯಬೇಡಿ, ತೂತು ಹೊಡೆಯಬೇಡಿ, ವೆಲ್ಡ್ ಮಾಡಬೇಡಿ, ಕಾಯಿಸಬೇಡಿ. ಕಾರಿನ ಟಯರಿನಲ್ಲಿ ಇರುವುದು 30–35 ಪಿಎಸ್‌ಐ ಗಾಳಿ. ಶಾಕ್ ಒಳಗಿನ ಒತ್ತಡ ಅದರ ಹತ್ತಾರು ಪಟ್ಟು. ಡಿಕ್ಕಿ ಎತ್ತಲಾಗದ ಸೋತ ಶಾಕ್‌ನಲ್ಲೂ ಮನುಷ್ಯನನ್ನು ಗಾಯಗೊಳಿಸುವಷ್ಟು ಒತ್ತಡ ಉಳಿದಿರುತ್ತದೆ.

2. ಲೇತಿಗೆ ಕೊಟ್ಟು ಬಿಚ್ಚಿಸಬೇಡಿ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದಂದಿನಿಂದ ಲೇತ್‌ ತಯಾರಿಸಿ ಹೆಸರಾದ ಊರು ಹರಿಹರ. ಇಲ್ಲಿನ ಕೈಗಳಿಗೆ ಯಾವ ಬಿಡಿಭಾಗವೂ ಹೊಸದಲ್ಲ. ಆದರೂ ಶಾಕ್ ರಿಪೇರಿಯ ಸಾಮಾನಲ್ಲ. ಗ್ಯಾಸ್ ತುಂಬಿಸಿ ಮತ್ತೆ ಹಾಕುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ.

3. ರಾಡನ್ನು ಕಟಿಂಗ್ ಪ್ಲೇಯರ್‌ನಲ್ಲಾಗಲಿ ವೈಸ್‌ನಲ್ಲಾಗಲಿ ಹಿಡಿಯಬೇಡಿ. ಕೂದಲೆಳೆಯ ಗೀರೂ ಸೀಲನ್ನು ಹರಿಯುತ್ತದೆ. ಟಿಂಕರಿಂಗ್, ಪೇಂಟಿಂಗ್ ಕೆಲಸ ನಡೆದಾಗ ರಾಡಿಗೆ ಕಾಗದ ಸುತ್ತಿ. ಅದರ ಮೇಲೆ ಬಣ್ಣ ಬೀಳಬಾರದು, ಗ್ರೀಸನ್ನೂ ಬಳಿಯಬಾರದು.

4. ಹೆಚ್ಚು ಬಲದ್ದು ಹಾಕಿದರೆ ಒಳ್ಳೆಯದೆಂದು ತಿಳಿಯಬೇಡಿ. ಡಿಕ್ಕಿ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ, ಮುಚ್ಚುವಾಗ ಹಿಂಜ್ ಬಗ್ಗುತ್ತದೆ.

5. ಒಂದು ಹೊಸದು, ಒಂದು ಹಳೆಯದು ಬೇಡ. ಬಾಗಿಲು ಒಂದು ಬದಿಗೆ ತಿರುಚಿಕೊಳ್ಳುತ್ತದೆ.

6. ಹಳೇ ಶಾಕನ್ನು ಕಸದ ಬೆಂಕಿಗೆ ಎಸೆಯಬೇಡಿ. ಬೆಂಕಿಗೆ ಬಿದ್ದ ಶಾಕ್ ಸಿಡಿದು ಈಟಿಯ ಹಾಗೆ ಹಾರುತ್ತದೆ. ಹೊಸದನ್ನು ಹಾಕಿದ ಗ್ಯಾರೇಜಿಗೇ ಹಳೆಯದನ್ನು ಒಪ್ಪಿಸಿ. ಗುಜರಿಗೆ ಕೊಡುವ ಗಾಡಿಯಲ್ಲಿ ಶಾಕ್ ಇದ್ದರೆ ‘ಒಳಗೆ ಒತ್ತಡ ಇದೆ’ ಎಂದು ಬಾಯಿಬಿಟ್ಟು ಹೇಳಿ. ಗುಜರಿಯವರು ಗ್ಯಾಸ್ ಕಟರ್ ಹಚ್ಚುವ ಮೊದಲು ಡಿಕ್ಕಿ, ಬಾನೆಟ್ ಎರಡನ್ನೂ ತೆರೆದು ಶಾಕ್‌ಗಳನ್ನು ಬೇರೆ ತೆಗೆದಿಡಲೇಬೇಕು.

ಬಸ್ ಮಾಲೀಕರಿಗೆ ವಿಶೇಷ ಸೂಚನೆ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವ ರಾತ್ರಿ ಬಸ್ಸುಗಳು ಇಲ್ಲಿ ನಿಂತಾಗ ಕತ್ತಲಲ್ಲಿ, ಅವಸರದಲ್ಲಿ ಡಿಕ್ಕಿ ತೆರೆಯುತ್ತದೆ. ಪ್ರಯಾಣಿಕರೇ ತಲೆ ಬಗ್ಗಿಸಿ ಬ್ಯಾಗ್ ಹುಡುಕುತ್ತಾರೆ. ಮುಚ್ಚಳ ನಿಲ್ಲುತ್ತದೋ ಇಲ್ಲವೋ ಅವರಿಗೆ ತಿಳಿಯದು, ಕ್ಲೀನರ್‌ಗೆ ತಿಳಿದಿರುತ್ತದೆ. ಅವನು ‘ಡಿಕ್ಕಿ ಇಳೀತದೆ ಅಣ್ಣಾ’ ಎಂದ ದಿನವೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ. ಶಾಕ್ ಬದಲಾಗುವವರೆಗೆ ಆ ಡಿಕ್ಕಿಗೆ ಬೀಗ ಹಾಕಿ, ಲಗೇಜು ಬೇರೆ ಕಡೆ ಇಡಿಸಿ. ಹುಡುಗನ ಕೈಗೆ ಕೋಲು ಕೊಟ್ಟು ಕಳಿಸಬೇಡಿ.