ಹಾಲ್ಬ್ ಡ್ರೈ ಅಂದ್ರೆ ಎಷ್ಟು ಗಂಟೆ?

ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಕೆಲವರಾದರೂ ಎಂ.ಎಸ್. ಮಾಡೋಕೆ ಜರ್ಮನಿಗೆ ಹೋಗುತ್ತಾರೆ. ಅಡ್ಮಿಷನ್, ವೀಸಾ, ಬ್ಲಾಕ್ಡ್ ಅಕೌಂಟ್ ಬಗ್ಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಆದರೆ ಹೋದ ಮೊದಲ ತಿಂಗಳಲ್ಲಿ ಆಗುವ ಸಣ್ಣ ಸಣ್ಣ ಎಡವಟ್ಟುಗಳ ಬಗ್ಗೆ ಯಾರೂ ಹೇಳಲ್ಲ. ಹಾಗಾಗಿ ನಮ್ಮ ಸಂಘದ ಕೆಲವರು ಸೇರಿ ಅಲ್ಲಿರುವ ಮೂವರು ಸೀನಿಯರ್‌ಗಳಿಗೆ ವಿಡಿಯೋ ಕಾಲ್ ಮಾಡಿದೆವು. ಮೊದಲು "ಏನೂ ಆಗಿಲ್ಲಪ್ಪ" ಅಂದರು. ಆಮೇಲೆ ಒಂದೂವರೆ ಗಂಟೆ ನಿಲ್ಲಿಸಲೇ ಇಲ್ಲ! ಕೇಳಿದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇವೆ.

1. ಗಂಟೆ ಮತ್ತು ಅಂಕಿ

ಜರ್ಮನ್‌ನಲ್ಲಿ 'ಹಾಲ್ಬ್' ಅಂದರೆ ಅರ್ಧ, 'ಡ್ರೈ' ಅಂದರೆ ಮೂರು. ಒಬ್ಬ ಸೀನಿಯರ್‌ಗೆ ರೂಮ್ ನೋಡೋಕೆ 'ಹಾಲ್ಬ್ ಡ್ರೈ'ಗೆ ಬನ್ನಿ ಅಂದಿದ್ದರು. ಅವರು ಮೂರೂವರೆಗೆ ಹೋದರು. ಆದರೆ ಅದು ಎರಡೂವರೆ. ರೂಮ್ ಬೇರೆಯವರಿಗೆ ಹೋಗಿತ್ತು. ನಾವು ಮುಗಿದ ಎರಡು ಗಂಟೆಗೆ ಅರ್ಧ ಕೂಡಿಸ್ತೀವಿ. ಅವರು ಮೂರನೇ ಗಂಟೆಯಲ್ಲಿ ಅರ್ಧ ಆಯ್ತು ಅಂತ ಎಣಿಸುತ್ತಾರೆ. ಎರಡೂ ಸರಿ, ರೆಫರೆನ್ಸ್ ಪಾಯಿಂಟ್ ಬೇರೆ ಅಷ್ಟೇ.

ಅಂಕಿಯೂ ಹೀಗೆಯೇ. 45 ಅನ್ನು 'ಐದು ಮತ್ತು ನಲವತ್ತು' ಅನ್ನುವ ಕ್ರಮದಲ್ಲಿ ಹೇಳುತ್ತಾರೆ. ಫೋನಿನಲ್ಲಿ ಕೇಳಿ ಬರೆದುಕೊಂಡರೆ 54 ಆಗಿಬಿಡುತ್ತೆ. ಇನ್ನು ಚುಕ್ಕಿ ಮತ್ತು ಕಾಮಾ ಅದಲು ಬದಲು: 1.500 ಅಂದರೆ ಸಾವಿರದ ಐನೂರು, 1,50 ಅಂದರೆ ಒಂದೂವರೆ. ಬಾಡಿಗೆ ಕಳಿಸುವಾಗ ಎರಡು ಸಲ ನೋಡಿ.

2. ಬಾಗಿಲು ಮತ್ತು ಭಾನುವಾರ

ಅಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ಹೊರಗಡೆ ತಿರುಗುವ ಹಿಡಿ ಇರಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡರೆ ಕೀ ಇಲ್ಲದೆ ತೆಗೆಯೋಕೆ ಆಗಲ್ಲ. ಕಸ ಹಾಕಿ ಬರೋಕೆ ಚಪ್ಪಲಿಯಲ್ಲೇ ಹೋದವರು ಹೊರಗೇ ನಿಂತರು. ಭಾನುವಾರ ಬೀಗದವರನ್ನು ಕರೆದರೆ ರೇಟ್ ಇನ್ನೂ ಜಾಸ್ತಿ. ಅವತ್ತು ಅಂಗಡಿಗಳೂ ಬಹುತೇಕ ಮುಚ್ಚಿರುತ್ತವೆ. ಹಾಲು, ಅಕ್ಕಿ ಶನಿವಾರವೇ ತಂದಿಟ್ಟುಕೊಳ್ಳಬೇಕು.

3. ಟಿಕೆಟ್ ಮತ್ತು ಅಂಚೆ ಪೆಟ್ಟಿಗೆ

ಇದು ಮೂರನೇ ಸೀನಿಯರ್ ಕಥೆ. ಅವರು ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

ಹೋದ ಮೊದಲ ವಾರ ಟ್ರಾಮ್‌ಗೆ ಪೇಪರ್ ಟಿಕೆಟ್ ಕೊಂಡರು. ಇಲ್ಲಿ ಬಸ್ಸಲ್ಲಿ ಕಂಡಕ್ಟರ್ ನಮ್ಮ ಹತ್ರಾನೇ ಬರ್ತಾರೆ, ಮೆಟ್ರೋದಲ್ಲಿ ಗೇಟ್ ಇರುತ್ತೆ. ಅಲ್ಲಿ ಎರಡೂ ಇಲ್ಲ. ಜರ್ಮನಿಯ ಹಲವು ಊರುಗಳಲ್ಲಿ ಕೊಂಡ ಟಿಕೆಟನ್ನು ನಾವೇ ಒಂದು ಸಣ್ಣ ಮಷಿನ್‌ಗೆ ತೂರಿಸಿ ಸ್ಟ್ಯಾಂಪ್ ಮಾಡಬೇಕು. ಮಾಡದಿದ್ದರೆ ಟಿಕೆಟ್ ಇಲ್ಲದ ಹಾಗೆಯೇ ಲೆಕ್ಕ. ಚೆಕಿಂಗ್‌ನವರು 60 ಯೂರೋ ದಂಡದ ಚೀಟಿ ಕೊಟ್ಟರು. 'ಗೊತ್ತಿರಲಿಲ್ಲ' ಅಂದಿದ್ದಕ್ಕೆ ಬೆಲೆ ಇರಲಿಲ್ಲ. ಟ್ರಾಮ್‌ನಲ್ಲಿ ಎಲ್ಲರೂ ನೋಡಿದರು. ಕಳ್ಳನ ಹಾಗೆ ಅನ್ನಿಸಿತಂತೆ. ಚೀಟಿಯನ್ನು ಪುಸ್ತಕದೊಳಗೆ ಇಟ್ಟರು. ಬ್ಯಾಂಕ್ ಕಾರ್ಡ್ ಬಂದ ಮೇಲೆ ಕಟ್ಟೋಣ ಅಂದುಕೊಂಡರು.

ಕಾರ್ಡ್ ಬರಲೇ ಇಲ್ಲ. ಯಾಕೆಂದರೆ ಅಲ್ಲಿ ಅಪಾರ್ಟ್‌ಮೆಂಟ್ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರಲ್ಲ. ಪೋಸ್ಟ್‌ಮ್ಯಾನ್ ಅಂಚೆ ಪೆಟ್ಟಿಗೆ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಇವರ ಪೆಟ್ಟಿಗೆ ಮೇಲೆ ಹಳೆಯ ಬಾಡಿಗೆದಾರರ ಹೆಸರೇ ಇತ್ತು. ಕಾರ್ಡ್, ಅದರ ಪಿನ್, ಕೊನೆಗೆ ದಂಡದ ನೆನಪೋಲೆ ಕೂಡ ವಾಪಸ್ ಹೋದವು. ದಂಡ ಬೆಳೆಯುತ್ತಾ ಹೋಯಿತು. ಮನೆಗೆ ಫೋನ್ ಮಾಡಿದಾಗೆಲ್ಲ "ಚೆನ್ನಾಗಿದೀನಿ" ಅಂತಿದ್ದರು. ಸಾಲ ಮಾಡಿ ಕಳಿಸಿದ ಅಪ್ಪನಿಗೆ ಇದನ್ನು ಹೇಗೆ ಹೇಳೋದು?

ಎರಡು ತಿಂಗಳಾದ ಮೇಲೆ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಹೇಳಿದರು. ಅಲ್ಲಿದ್ದವರು ನಗಲಿಲ್ಲ, ಬೈಯಲಿಲ್ಲ. ಹತ್ತು ನಿಮಿಷದಲ್ಲಿ ಏನು ಮಾಡಬೇಕು ಅಂತ ಬರೆದುಕೊಟ್ಟರು. ಮೊದಲನೇ ಸಾಲು: ಪೆಟ್ಟಿಗೆ ಮೇಲೆ ಹೆಸರು ಅಂಟಿಸಿ.

ಇನಿಶಿಯಲ್ ಇರುವ ನಮ್ಮಂಥವರಿಗೆ ಒಂದು ಮಾತು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇದ್ದರೆ, ಅಲ್ಲಿ ಅದೇ ನಿಮ್ಮ ಹೆಸರು. ಪೆಟ್ಟಿಗೆ ಮೇಲೂ ಅದನ್ನೇ ಬರೆಯಿರಿ. ಮನೆಗೆ ಸೇರಿದ 2 ವಾರದೊಳಗೆ ಮಾಡಿಸಬೇಕಾದ ವಿಳಾಸ ನೋಂದಣಿಯಲ್ಲೂ ಅದೇ ಇರಲಿ.

ನಾವು ಕಲಿತದ್ದು

ಈ ಮೂವರೂ ದಡ್ಡರಲ್ಲ. ಪ್ರತಿಯೊಂದು ಊರಿಗೂ ಕೆಲವು ಡೀಫಾಲ್ಟ್ ಸೆಟ್ಟಿಂಗ್ ಇರುತ್ತವೆ. ಅಲ್ಲಿಯವರಿಗೆ ಅದು ನಿಯಮ ಅಂತಲೇ ಅನ್ನಿಸಲ್ಲ, ಅದಕ್ಕೇ ಯಾರೂ ಹೇಳಿಕೊಡಲ್ಲ. ಎಡವಟ್ಟು ಆದಮೇಲೇ ಅದು ಕಾಣೋದು. ಎಡವಟ್ಟು ಒಂದು ದಿನದ್ದು, ಅದನ್ನು ಎರಡು ತಿಂಗಳು ಎಳೆದದ್ದು ನಾಚಿಕೆ.

ಕಾಲ್ ಮುಗಿದ ಮೇಲೆ ನಮಗೆ ನಮ್ಮದೇ ಹಾಸ್ಟೆಲ್ ನೆನಪಾಯಿತು. ಫಸ್ಟ್ ಇಯರ್‌ನಲ್ಲಿ ಬೇರೆ ರಾಜ್ಯದ ಒಬ್ಬ ಗೆಳೆಯನಿಗೆ ನಾವು 'ಬರ್ತೀನಿ' ಅಂತ ಹೇಳಿ ಹೊರಟೆವು. ಆಗಷ್ಟೇ ನಾಲ್ಕು ಪದ ಕನ್ನಡ ಕಲಿತಿದ್ದ ಅವನು, ವಾಪಸ್ ಬರ್ತಾರೆ ಅಂತ ಊಟ ಮಾಡದೆ ಕಾದಿದ್ದ. ಗೊತ್ತಾದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಆದರೆ ಆಮೇಲೆ ಕನ್ನಡದ ಅರ್ಥ ನಮ್ಮನ್ನು ಯಾವತ್ತೂ ಕೇಳಲಿಲ್ಲ.

ಈ ವಾರ ನಾವೇ ಹೋಗಿ ಅವನಿಗೆ 'ಹೋಗ್ತೀನಿ' ಅಂತ ನಾವ್ಯಾಕೆ ಹೇಳಲ್ಲ ಅನ್ನೋದನ್ನ ವಿವರಿಸಿದೆವು. ಎರಡು ವರ್ಷದ ಕನ್ನಡ ಡೌಟ್‌ಗಳ ಒಂದು ಲಿಸ್ಟೇ ಅವನ ಹತ್ರ ಇತ್ತು.