ಇಂಧನಕೋಶದ ಪೊರೆ: ಬಾಳಿಕೆ ಮತ್ತು ಸವೆತ

ಕಲಿಕಾ ಉದ್ದೇಶಗಳು: ಜಲಜನಕ ಇಂಧನಕೋಶದಲ್ಲಿ ಪೊರೆಯ ಕಾರ್ಯವನ್ನು ವಿವರಿಸುವುದು, ಅದು ಹಾಳಾಗುವ ಬಗೆಗಳನ್ನು ಕಾರಣಸಹಿತ ಗುರುತಿಸುವುದು.

ಪೀಠಿಕೆ: ಹೊಸೂರಿನ ಮಕ್ಕಳಿಗೆ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಹೊಸದಲ್ಲ. ಈ ಸಂಸ್ಥೆಯು ಎನ್‌ಟಿಪಿಸಿಗಾಗಿ ನಿರ್ಮಿಸಿದ ಜಲಜನಕ ಬಸ್ಸು 2023ರಲ್ಲಿ ಲೇಹ್ ನಗರವನ್ನು ತಲುಪಿತು. ಅದರಿಂದ ಹೊಗೆಯಲ್ಲ, ನೀರು ಹೊರಬರುತ್ತದೆ. “ಹಾಗಾದರೆ ಅದರೊಳಗೆ ಸವೆಯುವುದು ಯಾವುದು?” ಎಂಬ ಪ್ರಶ್ನೆಯಿಂದ ಪಾಠವನ್ನು ಆರಂಭಿಸಬಹುದು.

ವಿಷಯ ನಿರೂಪಣೆ: ಆನೋಡಿನಲ್ಲಿ ಜಲಜನಕವು ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳಾಗಿ ಬೇರ್ಪಡುತ್ತದೆ. ಎಲೆಕ್ಟ್ರಾನುಗಳು ಹೊರಮಂಡಲದಲ್ಲಿ ಹರಿದು ವಿದ್ಯುತ್ತನ್ನು ನೀಡುತ್ತವೆ. ಪ್ರೋಟಾನುಗಳು ಪೊರೆಯ ಮೂಲಕ ಕ್ಯಾಥೋಡನ್ನು ಸೇರಿ, ಆಮ್ಲಜನಕದೊಡನೆ ನೀರಾಗುತ್ತವೆ. ಪೊರೆಯು ಪ್ರೋಟಾನಿಗೆ ದಾರಿ ಬಿಡಬೇಕು, ಅನಿಲಗಳನ್ನು ತಡೆಯಬೇಕು. ಇಂದಿನ ಅನೇಕ ಪೊರೆಗಳ ದಪ್ಪ 25 ಮೈಕ್ರೋಮೀಟರಿಗೂ ಕಡಿಮೆ. ಅಂದರೆ ತಲೆಗೂದಲಿಗಿಂತ ತೆಳು.

ಪೊರೆಯ ಸವೆತ ಮುಖ್ಯವಾಗಿ ಎರಡು ಬಗೆ.

1. ಯಾಂತ್ರಿಕ ಸವೆತ: ಪೊರೆಯು ತೇವದಲ್ಲಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಂಚುಗಳು ಬಿಗಿಯಾಗಿರುವುದರಿಂದ ಸೆಳೆತ ಹೆಚ್ಚಿ, ಕ್ರಮೇಣ ಬಿರುಕು, ಸೂಜಿರಂಧ್ರಗಳು ಮೂಡುತ್ತವೆ. ಬೇಸಗೆಯಲ್ಲಿ ಬಿರಿಯುವ ಕೆರೆಯ ಅಂಗಳ ಇದಕ್ಕೆ ಸಮೀಪದ ನಿದರ್ಶನ. ಲೇಹ್‌ನಂತಹ ಶೀತಪ್ರದೇಶದಲ್ಲಿ ಕೋಶದೊಳಗಿನ ನೀರು ಹೆಪ್ಪುಗಟ್ಟುವ ಅಪಾಯವೂ ಉಂಟು.

2. ರಾಸಾಯನಿಕ ಸವೆತ: ಕೋಶದಲ್ಲಿ ಅಲ್ಪಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗುತ್ತದೆ. ಕಬ್ಬಿಣದ ಅಯಾನುಗಳ ಸಂಪರ್ಕದಲ್ಲಿ ಅದು ತೀವ್ರ ಕ್ರಿಯಾಶೀಲ ಕಣಗಳಾಗಿ ಒಡೆದು ಪೊರೆಯ ಅಣುಸರಪಳಿಯನ್ನು ಕತ್ತರಿಸುತ್ತದೆ. 1960ರ ದಶಕದ ಜೆಮಿನಿ ಗಗನನೌಕೆಗಳ ಪಾಲಿಸ್ಟೈರೀನ್ ಮೂಲದ ಪೊರೆಗಳು ಹೀಗೆಯೇ ಬೇಗ ಹಾಳಾಗುತ್ತಿದ್ದವು. ಫ್ಲೋರಿನ್‌ಯುಕ್ತ ನ್ಯಾಫಿಯಾನ್ ಬಂದ ಮೇಲೆ ಬಾಳಿಕೆ ಹೆಚ್ಚಿತು. ಇಂದು ಸೀರಿಯಂ ಸೇರಿಸಿ ಆ ಕಣಗಳನ್ನು ತಣಿಸುತ್ತಾರೆ. ಟೆಫ್ಲಾನ್ ಜಾಲದಿಂದ ಪೊರೆಗೆ ಬಲ ಕೊಡುತ್ತಾರೆ.

ಸ್ಥಳೀಯ ಸಂಬಂಧ: ನ್ಯಾಫಿಯಾನ್ ಒಡೆದಾಗ ಫ್ಲೋರೈಡ್ ಬಿಡುಗಡೆಯಾಗುತ್ತದೆ. ಹೊರಬರುವ ನೀರಿನಲ್ಲಿ ಅದನ್ನು ಅಳೆದು ಸಂಶೋಧಕರು ಸವೆತವನ್ನು ಅಂದಾಜಿಸುತ್ತಾರೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಮಕ್ಕಳು ಈ ಪದವನ್ನು ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಮೂಲಕ ಕೇಳಿರುತ್ತಾರೆ. ಅಂತರ್ಜಲದ ಫ್ಲೋರೈಡ್ ಶಿಲೆಗಳಿಂದ ಬಂದುದೆಂಬುದನ್ನು ಶಿಕ್ಷಕರು ಸ್ಪಷ್ಟಪಡಿಸಬೇಕು. ಇಲ್ಲವಾದರೆ ಕಾಯಿಲೆ ತರುವ ನೀರಿಗೆ ಕಾರ್ಖಾನೆಯೇ ಕಾರಣವೆಂಬ ತಪ್ಪು ಕಲ್ಪನೆ ಬೇರೂರಬಹುದು.

ಚಟುವಟಿಕೆ: ಎರಡು ತೆಳು ಕಾಗದಗಳಲ್ಲಿ ಒಂದರ ನಾಲ್ಕೂ ಅಂಚುಗಳನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿರಿ, ಇನ್ನೊಂದನ್ನು ಬಿಡಿಯಾಗಿಡಿರಿ. ಎರಡನ್ನೂ ಹಲವು ಬಾರಿ ತೇವಗೊಳಿಸಿ, ಒಣಗಿಸಿ, ಸುಕ್ಕು ಹಾಗೂ ಬಿಗಿತದ ವ್ಯತ್ಯಾಸವನ್ನು ಮಕ್ಕಳಿಂದ ಬರೆಯಿಸಿರಿ.

ಮೌಲ್ಯಮಾಪನ:
1. ಪೊರೆ ತೆಳುವಾದಷ್ಟೂ ಆಗುವ ಲಾಭವೇನು? ನಷ್ಟವೇನು?
2. ಕೋಶದೊಳಗೆ ತುಕ್ಕು ಹಿಡಿಯುವ ಕಬ್ಬಿಣವನ್ನು ಏಕೆ ಬಳಸಬಾರದು?
3. ಬಸ್ಸು ಚೆನ್ನಾಗಿಯೇ ಓಡುತ್ತಿದೆ. ಆದರೆ ಹೊರಬರುವ ನೀರಿನಲ್ಲಿ ಫ್ಲೋರೈಡ್ ಏರುತ್ತಿದೆ. ಅದನ್ನು ಇನ್ನೂ ಓಡಿಸಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರಿಸುವಾಗ, ರಂಧ್ರವಾದ ಪೊರೆಯಲ್ಲಿ ಜಲಜನಕವೂ ಆಮ್ಲಜನಕವೂ ಬೆರೆತು ಶಾಖ ಉಂಟಾಗುವುದೆಂಬುದನ್ನು ಮಕ್ಕಳು ತಾವೇ ಹೇಳುವವರೆಗೆ ಶಿಕ್ಷಕರು ಕಾಯುವುದು ಲೇಸು.