ಓದಿದ್ದು ಮನಸ್ಸಿನಲ್ಲಿ ನಿಲ್ಲಬೇಕಾದರೆ

"ನಮ್ಮ ಹುಡುಗನಿಗೆ ನೆನಪಿನ ಶಕ್ತಿಯೇ ಇಲ್ಲ. ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ."

ದುಂಡಸಿ, ತಡಸ, ಹುಲಗೂರ, ಬಂಕಾಪುರದ ಕಡೆ ಪರೀಕ್ಷೆಯ ದಿನಗಳು ಹತ್ತಿರ ಬಂದಾಗ ಹೆತ್ತವರ ಬಾಯಲ್ಲಿ ಪದೇ ಪದೇ ಕೇಳಿಬರುವ ಮಾತಿದು. ಈ ಮಾತು ಇಲ್ಲಿಗೇ ನಿಲ್ಲುವುದಿಲ್ಲ. "ತಲೆಗೆ ಹತ್ತದಿದ್ದ ಮೇಲೆ ಶಾಲೆ ಯಾಕೆ? ಹುಬ್ಬಳ್ಳಿಗೆ ಹೋಗಿ ಗ್ಯಾರೇಜಿನಲ್ಲಿ ಕೆಲಸವನ್ನಾದರೂ ಕಲಿಯಲಿ" ಎಂಬ ತೀರ್ಮಾನಕ್ಕೆ ಬಂದು ಮುಟ್ಟುತ್ತದೆ. ಮಗಳ ವಿಷಯದಲ್ಲಿ ಈ ತೀರ್ಮಾನ ಇನ್ನೂ ಬೇಗ ಆಗುತ್ತದೆ.

ಆದರೆ ಅದೇ ಹುಡುಗ ಬೆಳಿಗ್ಗೆ ಮಕ್ತಬ್‌ನಲ್ಲಿ ಕುಳಿತು 30 ಆಯತ್‌ಗಳಿರುವ ಸೂರಃ ಮುಲ್ಕನ್ನು ನೋಡದೆ ಒಪ್ಪಿಸುತ್ತಾನೆ. ಅದು ಅವನ ಮನೆಮಾತಲ್ಲ, ಶಾಲೆಯ ಭಾಷೆಯೂ ಅಲ್ಲ. ಒಂದು ಝೇರ್, ಒಂದು ಝಬರ್ ತಪ್ಪಿದರೂ ಉಸ್ತಾದರು ತಡೆದು ನಿಲ್ಲಿಸುತ್ತಾರೆ. ಅರಬಿಯ ಇಷ್ಟು ಪದಗಳನ್ನು ಸ್ವಲ್ಪವೂ ತಪ್ಪದೆ ಹಿಡಿದಿಟ್ಟುಕೊಂಡಿರುವ ಮಗುವಿಗೆ ನೆನಪಿನ ಶಕ್ತಿ ಇಲ್ಲವೆನ್ನುವುದು ಹೇಗೆ? ಅಲ್ಲಾಹನು ಕೊಟ್ಟ ಶಕ್ತಿ ಎರಡೂ ಕಡೆ ಒಂದೇ. ಬೇರೆಯಾಗಿರುವುದು ಓದುವ ಕ್ರಮ ಮಾತ್ರ. ಮಕ್ತಬ್‌ನಲ್ಲಿ ಕ್ರಮವಿದೆ, ಶಾಲೆಯ ಪುಸ್ತಕ ಕೈಗೆ ಬಂದಾಗ ಆ ಕ್ರಮ ಕಾಣೆಯಾಗುತ್ತದೆ. ಆ ಕ್ರಮ ಯಾವುದು, ಅದನ್ನು ಶಾಲೆಯ ಓದಿಗೆ ಹೇಗೆ ತರಬೇಕು ಎಂಬುದನ್ನು ಇಲ್ಲಿ ನೋಡೋಣ.

ಮರೆವು ರೋಗವಲ್ಲ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಮರೆಯುವುದು ಮನುಷ್ಯನ ಸಹಜ ಸ್ವಭಾವ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಕೈಬಿಟ್ಟುಹೋಗಿತ್ತು. ಆ ಮೇಲೆ ಮರೆವಿನ ವೇಗ ಕಡಿಮೆಯಾಗಿತ್ತು. ಅಂದರೆ ಕಲಿತ ಮೊದಲ ದಿನವೇ ನಷ್ಟ ಅತಿ ಹೆಚ್ಚು.

ಪ್ರವಾದಿಯವರು(ಸ) ಇದನ್ನು ಒಂಟೆಯ ಉಪಮೆಯಿಂದ ತಿಳಿಸಿದ್ದಾರೆ. ಕುರ್‌ಆನನ್ನು ಕಂಠಪಾಠ ಮಾಡಿದವನು ಅದನ್ನು ಸದಾ ನೋಡಿಕೊಳ್ಳುತ್ತಿರಬೇಕು, ಇಲ್ಲವಾದರೆ ಹಗ್ಗ ಬಿಚ್ಚಿಕೊಂಡ ಒಂಟೆಗಿಂತಲೂ ವೇಗವಾಗಿ ಅದು ತಪ್ಪಿಸಿಕೊಂಡು ಹೋಗುತ್ತದೆ ಎಂಬ ಅರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಪ್ರತಿ ರಮಝಾನಿನಲ್ಲಿ ಜಿಬ್ರೀಲ್(ಅ) ಬಂದು ಪ್ರವಾದಿಯವರೊಂದಿಗೆ(ಸ) ಕುರ್‌ಆನನ್ನು ಪುನರಾವರ್ತಿಸುತ್ತಿದ್ದರೆಂದೂ, ಪ್ರವಾದಿಯವರು(ಸ) ನಿಧನರಾದ ವರ್ಷ ಇದು ಎರಡು ಬಾರಿ ನಡೆಯಿತೆಂದೂ ಬುಖಾರಿಯಲ್ಲಿದೆ. ಅಲ್ಲಾಹನ ದೂತರೇ(ಸ) ಪುನರಾವರ್ತನೆ ಮಾಡಿದ್ದರೆ, ಒಮ್ಮೆ ಓದಿ ಪುಸ್ತಕ ಮುಚ್ಚಿಡುವ ನಮ್ಮ ಮಕ್ಕಳಿಗೆ ಎಲ್ಲವೂ ನೆನಪಿರಬೇಕೆಂದು ಬಯಸುವುದು ಯಾವ ನ್ಯಾಯ?

ನಮ್ಮ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋವಿನಜೋಳ ಬಿತ್ತಿ ಬಂದವನು ನೇರವಾಗಿ ಸುಗ್ಗಿಗೇ ಹೊಲಕ್ಕೆ ಹೋಗುವುದಿಲ್ಲ. ನಡುವೆ ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ಜೂನ್‌ನಲ್ಲಿ ಓದಿದ್ದನ್ನು ಮಾರ್ಚ್‌ನಲ್ಲೇ ಮತ್ತೆ ತೆರೆಯುವ ವಿದ್ಯಾರ್ಥಿಗೆ ಸಿಗುವುದು ಕಳೆಯೇ.

ಸಬಕ್, ಸಬ್ಕಿ, ಮಂಝಿಲ್

ಹಿಫ್ಝ್ ಮಾಡುವ ಮಕ್ಕಳ ದಿನಚರಿಯಲ್ಲಿ ಮೂರು ಭಾಗಗಳಿರುತ್ತವೆ. ಆ ದಿನ ಹೊಸದಾಗಿ ಕಲಿಯುವ ಚಿಕ್ಕ ಪಾಠ ಸಬಕ್. ಕಳೆದ ಕೆಲವು ದಿನಗಳಲ್ಲಿ ಕಲಿತದ್ದನ್ನು ಮತ್ತೆ ಒಪ್ಪಿಸುವುದು ಸಬ್ಕಿ. ಬಹಳ ಹಿಂದೆ ಕಲಿತ ಜುಝ್‌ಗಳನ್ನು ಸರದಿಯಂತೆ ಓದಿ ಒಪ್ಪಿಸುವುದು ಮಂಝಿಲ್. ಸಬಕ್ ಎಷ್ಟೇ ಚೆನ್ನಾಗಿ ಬಂದರೂ ಸಬ್ಕಿ ಹಳಸಿದ್ದರೆ ಬಲ್ಲ ಉಸ್ತಾದರು ಮುಂದಿನ ಪಾಠ ಕೊಡುವುದಿಲ್ಲ. ಸಾವಿರಾರು ಆಯತ್‌ಗಳು ಎಳೆಯ ಎದೆಯಲ್ಲಿ ನಿಲ್ಲುವುದು ಈ ಕ್ರಮದಿಂದಲೇ.

ಸುಮಾರು 800 ವರ್ಷಗಳ ಹಿಂದೆ ಬುರ್‌ಹಾನುದ್ದೀನ್ ಝರ್ನೂಜಿಯವರು ವಿದ್ಯಾರ್ಥಿಗಳಿಗಾಗಿ 'ತಅ್‌ಲೀಮುಲ್ ಮುತಅಲ್ಲಿಮ್' ಎಂಬ ಚಿಕ್ಕ ಗ್ರಂಥ ಬರೆದರು. ನಿನ್ನೆಯ ಪಾಠವನ್ನು ಐದು ಸಲ, ಮೊನ್ನೆಯದನ್ನು ನಾಲ್ಕು ಸಲ, ಅದರ ಹಿಂದಿನದನ್ನು ಮೂರು ಸಲ, ಹೀಗೆ ಇಳಿಯುತ್ತ ಒಂದು ಸಲದವರೆಗೆ ಪುನರಾವರ್ತಿಸಬೇಕೆಂದು ಅವರು ಸಲಹೆ ಕೊಡುತ್ತಾರೆ. ಹೊಸದಕ್ಕೆ ಹೆಚ್ಚು ಸಲ, ಹಳೆಯದಕ್ಕೆ ಕಡಿಮೆ ಸಲ. ಮೊದಲ ದಿನವೇ ಮರೆವು ಹೆಚ್ಚೆಂಬ ಎಬ್ಬಿಂಗ್‌ಹೌಸರ ಅಳತೆಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಆರಂಭದಲ್ಲಿ ಪಾಠ ಚಿಕ್ಕದಾಗಿರಬೇಕು, ಅಭ್ಯಾಸವಾದಂತೆ ಮೆಲ್ಲಗೆ ಹೆಚ್ಚಿಸಬೇಕು ಎಂದೂ ಅವರು ಹೇಳಿದ್ದಾರೆ.

ಇದನ್ನು ಶಾಲೆಯ ಓದಿಗೆ ಹೀಗೆ ಅಳವಡಿಸಿಕೊಳ್ಳಬಹುದು:

1. ಸಬಕ್: ಮಗ್ರಿಬ್ ಮತ್ತು ಇಶಾ ನಮಾಝ್‌ಗಳ ನಡುವೆ ಅಂದು ಶಾಲೆಯಲ್ಲಿ ಹೇಳಿಕೊಟ್ಟ ಪಾಠವನ್ನು ಓದಬೇಕು. ಇಡೀ ಅಧ್ಯಾಯ ಬೇಡ, ಎರಡು ಮೂರು ಪುಟ ಸಾಕು.

2. ಸಬ್ಕಿ: ಫಜ್ರ್ ನಮಾಝ್ ಆದ ಮೇಲೆ ಅರ್ಧ ಗಂಟೆ. ನಿನ್ನೆಯದರಿಂದ ಹಿಡಿದು ಹಿಂದಿನ ಐದಾರು ದಿನಗಳ ಪಾಠದ ಮುಖ್ಯ ವಿಷಯಗಳನ್ನು ನೆನಪಿಸಿಕೊಳ್ಳಬೇಕು.

3. ಮಂಝಿಲ್: ರವಿವಾರ ಎರಡು ತಾಸು. ಜೂನ್‌ನಿಂದ ಆದ ಪಾಠಗಳನ್ನು ಸರದಿಯಂತೆ, ವಾರಕ್ಕೆ ಎರಡು ವಿಷಯಗಳಂತೆ ನೋಡಬೇಕು.

ಇಷ್ಟು ಮಾಡಿದವನು ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಎಚ್ಚರವಾಗಿ ಕೂರಬೇಕಾಗಿಲ್ಲ.

ಪುಸ್ತಕ ಮುಚ್ಚಿ ಒಪ್ಪಿಸಿ

ಪುನರಾವರ್ತನೆ ಎಂದರೆ ಅದೇ ಪುಟದ ಮೇಲೆ ಮತ್ತೆ ಮತ್ತೆ ಕಣ್ಣಾಡಿಸುವುದೆಂದು ಅನೇಕರು ತಿಳಿದಿದ್ದಾರೆ. ಹಿಫ್ಝ್ ವಿದ್ಯಾರ್ಥಿ ಹಾಗೆ ಮಾಡುವುದಿಲ್ಲ. ಅವನು ಮುಸ್‌ಹಫ್ ಮುಚ್ಚಿ ಇನ್ನೊಬ್ಬರಿಗೆ ಒಪ್ಪಿಸುತ್ತಾನೆ. ಗುಟ್ಟಿರುವುದು ಇಲ್ಲಿಯೇ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ನಾಲ್ಕೂ ಅವಧಿ ಓದಿದವರೇ ಮುಂದಿದ್ದರು, ಶೇ. 83. ಎರಡನೆಯ ಗುಂಪು ಶೇ. 71. ಆದರೆ ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇ. 40, ನೋಡದೆ ಬರೆದವರಲ್ಲಿ ಶೇ. 61. ಮತ್ತೆ ಮತ್ತೆ ಓದಿದಾಗ "ಎಲ್ಲ ಬಂತು" ಎನಿಸುವುದು ಆ ಗಳಿಗೆಯ ಸಮಾಧಾನ ಮಾತ್ರ. ಮುಚ್ಚಿದ ಪುಸ್ತಕದ ಮುಂದೆ ತಡವರಿಸಿ, ನೆನಪಿಸಿಕೊಂಡು ಹೇಳಿದ್ದೇ ಉಳಿಯುತ್ತದೆ.

ತಾಯಂದಿರು ಇಲ್ಲಿ ದೊಡ್ಡ ನೆರವಾಗಬಲ್ಲರು. "ನನಗೆ ಕನ್ನಡ ಓದಲು ಬರುವುದಿಲ್ಲ, ನಾನೇನು ಹೇಳಿಕೊಡಲಿ?" ಎಂದು ಹಿಂಜರಿಯಬೇಕಾಗಿಲ್ಲ. ಹೇಳಿಕೊಡುವುದು ಬೇಡ, ಕೇಳಿದರೆ ಸಾಕು. ರೊಟ್ಟಿ ಬಡಿಯುತ್ತಲೇ "ಇವತ್ತು ಏನು ಕಲಿತೆ, ನನಗೆ ತಿಳಿಯುವ ಹಾಗೆ ಹೇಳು" ಎಂದು ಕೇಳಿ. ಕನ್ನಡದಲ್ಲಿ ಓದಿದ್ದನ್ನು ಅಮ್ಮನಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಬೇಕಾದರೆ ಮಗುವಿಗೆ ಅದು ಅರ್ಥವಾಗಿರಲೇಬೇಕು. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಪಾಠ ತಿಳಿದಿಲ್ಲವೆಂದು ಅವನಿಗೇ ಗೊತ್ತಾಗುತ್ತದೆ.

ಅರ್ಥವಿಲ್ಲದ ಬಾಯಿಪಾಠ ಸಾಲದು

ಹಾಗೆಂದು ಮಕ್ತಬ್‌ಗೂ ಶಾಲೆಗೂ ಭೇದವೇ ಇಲ್ಲವೆಂದು ತಿಳಿಯಬಾರದು. ಕುರ್‌ಆನಿನ ಪಠಣಕ್ಕೆ, ಅರ್ಥ ತಿಳಿಯದವನಿಗೂ ಪುಣ್ಯವಿದೆ. ವಿಜ್ಞಾನದ ಗೈಡನ್ನು ಅರ್ಥ ತಿಳಿಯದೆ ಉರು ಹೊಡೆದವನಿಗೆ ಏನೂ ಸಿಗುವುದಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಸಾಕು, ಅವನ ಉತ್ತರ ಮೊದಲ ಸಾಲಿಗೇ ಮುಗಿಯುತ್ತದೆ.

ಕುರ್‌ಆನಿನ ವಿಷಯದಲ್ಲಿಯೂ ಸಹಾಬಿಗಳು ಬರೀ ಬಾಯಿಪಾಠಕ್ಕೆ ತೃಪ್ತರಾಗಿರಲಿಲ್ಲ. ಹತ್ತು ಆಯತ್‌ಗಳನ್ನು ಕಲಿತರೆ ಅವುಗಳಲ್ಲಿರುವ ಜ್ಞಾನ ಮತ್ತು ಕರ್ಮವನ್ನು ಅರಿಯದೆ ಅವರು ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲವೆಂದು ಅವರಿಂದ ಕಲಿತ ಅಬೂ ಅಬ್ದುರ್ರಹ್ಮಾನ್ ಸುಲಮಿಯವರು ತಿಳಿಸಿದ್ದಾರೆ. ಕುರ್‌ಆನ್ ಒಮ್ಮೆಲೇ ಇಳಿಯದೆ ಸುಮಾರು 23 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅವತೀರ್ಣವಾಯಿತು. ಅದು ಹೃದಯವನ್ನು ದೃಢಗೊಳಿಸಲಿಕ್ಕಾಗಿ ಎಂದು ಸೂರಃ ಫುರ್ಕಾನ್ ತಿಳಿಸುತ್ತದೆ.

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮಕ್ತಬ್‌ನಲ್ಲಿ ಅರಬಿ. ಈ ಮೂರರ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅನೇಕ ಸಲ ಕಠಿಣವಾಗುವುದು ಪಾಠವಲ್ಲ, ಅದರ ಪದಗಳು. 'ದ್ಯುತಿಸಂಶ್ಲೇಷಣೆ' ಎಂಬ ಪದ ಕಂಡೊಡನೆ ಮಗು ಪುಟ ತಿರುವುತ್ತದೆ. ಅದನ್ನು ಒಡೆದು ತೋರಿಸಿ: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಒಂದುಗೂಡಿಸಿ ಹೊಸದನ್ನು ಮಾಡುವುದು. ಎಲೆಯು ಬೆಳಕಿನ ಬಲದಿಂದ ಗಾಳಿಯನ್ನೂ ನೀರನ್ನೂ ಕೂಡಿಸಿ ಆಹಾರ ಮಾಡುವ ಕೆಲಸವಿದು ಎಂದೊಡನೆ ಅರ್ಧ ಪಾಠ ಮುಗಿಯಿತು. ಏಕದಳ, ದ್ವಿದಳ ಎಂಬುವು ಕಠಿಣವೇ? ಗೋವಿನಜೋಳದ ಕಾಳನ್ನೂ ಕಡಲೆಯ ಕಾಳನ್ನೂ ನೆನೆಸಿ ಕೈಗೆ ಕೊಡಿ. ಕಡಲೆ ಎರಡು ಬೇಳೆಯಾಗುತ್ತದೆ, ಗೋವಿನಜೋಳ ಆಗುವುದಿಲ್ಲ. ಪ್ರತಿದಿನ ಇಂಥ ಐದು ಪದಗಳನ್ನು ಅರ್ಥದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ನೆನಪಿಗೆ ಗೂಟಗಳು

ಕೆಲವು ಪಟ್ಟಿಗಳು, ಇಸವಿಗಳು ಇದ್ದಂತೆಯೇ ನೆನಪಿರಬೇಕಾಗುತ್ತದೆ. ಅವನ್ನು ಕಟ್ಟಿಹಾಕಲು ಒಂದು ಗೂಟ ಬೇಕು. ತಜ್‌ವೀದ್ ಕಲಿತ ಮಕ್ಕಳಿಗೆ 'ಯರ್‌ಮಲೂನ್' ಗೊತ್ತು. ಆ ಒಂದು ಪದದಲ್ಲಿ ಇದ್‌ಗಾಮಿನ ಆರೂ ಅಕ್ಷರಗಳಿವೆ. 'ಕುತ್ಬು ಜದ್' ಎಂದರೆ ಕಲ್‌ಕಲಃದ ಐದು ಅಕ್ಷರಗಳು. ಕನ್ನಡ ಛಂದಸ್ಸಿನಲ್ಲಿಯೂ ಇಂಥದೇ ಒಂದು ಸೂತ್ರವಿದೆ: 'ಯಮಾತಾರಾಜಭಾನಸಲಗಂ'. ಯಗಣ ಬೇಕೇ? 'ಯ'ದಿಂದ ಮೂರು ಅಕ್ಷರ ತೆಗೆದುಕೊಳ್ಳಿ: ಯ-ಮಾ-ತಾ, ಅಂದರೆ ಲಘು, ಗುರು, ಗುರು. ರಗಣಕ್ಕೆ ರಾ-ಜ-ಭಾ, ಗುರು, ಲಘು, ಗುರು. ಎಂಟೂ ಗಣಗಳು ಈ ಒಂದೇ ಪದದಲ್ಲಿವೆ. ಇದೇ ರೀತಿ ನಿಮ್ಮ ಪಾಠಗಳಿಗೆ ನೀವೇ ಸೂತ್ರ ಕಟ್ಟಿಕೊಳ್ಳಬಹುದು. ಹಾವೇರಿ ಜಿಲ್ಲೆಯಲ್ಲಿ ಹರಿಯುವ ತುಂಗಭದ್ರಾ, ವರದಾ, ಧರ್ಮಾ, ಕುಮುದ್ವತಿ ನದಿಗಳಿಗೆ 'ತು-ವ-ಧ-ಕು' ಎಂದರೆ ಸಾಕು. ತಾನೇ ಕಟ್ಟಿದ ಸೂತ್ರ ಬೇಗ ಮರೆಯುವುದಿಲ್ಲ.

ಇಸವಿಗಳನ್ನು ಒಂಟಿಯಾಗಿ ಬಿಡದೆ, ಬಲ್ಲವರೊಬ್ಬರ ಬದುಕಿಗೆ ಜೋಡಿಸಿ. ನಮ್ಮ ಶಿಗ್ಗಾಂವ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ. ಅವರು ಐದು ವರ್ಷದ ಮಗುವಾಗಿದ್ದಾಗ ಕಿತ್ತೂರಿನ ಚೆನ್ನಮ್ಮ ಬ್ರಿಟಿಷರೊಂದಿಗೆ ಹೋರಾಡಿದಳು, 1824. ಹನ್ನೆರಡನೆಯ ವರ್ಷದಲ್ಲಿದ್ದಾಗ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು, 1831. ಮೂವತ್ತೆಂಟರಲ್ಲಿ 1857ರ ದಂಗೆ ನಡೆಯಿತು. ಎಪ್ಪತ್ತರಲ್ಲಿ, 1889ರಲ್ಲಿ ಅವರು ತೀರಿಕೊಂಡರು. ಒಂದು ಗೂಟಕ್ಕೆ ನಾಲ್ಕು ಹಗ್ಗ!

ಹೊತ್ತು ಮತ್ತು ನಿದ್ದೆ

ಇಶಾಗೆ ಮುಂಚೆ ಮಲಗುವುದನ್ನೂ ಇಶಾದ ನಂತರ ಹರಟುವುದನ್ನೂ ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ. ಇಂದು ಇಶಾದ ನಂತರದ ಹರಟೆ ಮೊಬೈಲ್ ರೂಪದಲ್ಲಿ ಹಾಸಿಗೆಯವರೆಗೂ ಬಂದಿದೆ. ಕಲಿತ ನಂತರ ಎಚ್ಚರವಿದ್ದವರಿಗಿಂತ ಮಲಗಿದವರಿಗೆ ಪಾಠ ಹೆಚ್ಚು ಉಳಿಯುತ್ತದೆಂದು ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದ್ದರು. ನಿದ್ದೆಗೆಟ್ಟು ಓದಿದ್ದು ತೂತಿನ ಕೊಡಕ್ಕೆ ತುಂಬಿದ ನೀರು. ಓದುವ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಆ ಹೊತ್ತಿನಲ್ಲಿ ಅಬ್ಬಾ ಕೂಡ ತಮ್ಮ ಮೊಬೈಲ್ ಬದಿಗಿಟ್ಟರೆ ಉಪದೇಶವೇ ಬೇಕಾಗದು.

ನಕಲು, ತಾಯಿತ ಮತ್ತು ತವಕ್ಕುಲ್

ಓದಿನ ಕ್ರಮವಿಲ್ಲದವರು ಕೊನೆಗೆ ಎರಡು ಅಡ್ಡದಾರಿ ಹಿಡಿಯುತ್ತಾರೆ. ಒಂದು ನಕಲು. ಮೋಸ ಮಾಡುವವನು ನಮ್ಮವನಲ್ಲ ಎಂಬ ಪ್ರವಾದಿ(ಸ) ವಚನ ಸಂತೆಯಲ್ಲಿ ಧಾನ್ಯ ಮಾರುವವನಿಗೆ ಹೇಗೋ ಪರೀಕ್ಷಾ ಕೊಠಡಿಯಲ್ಲಿ ಕುಳಿತವನಿಗೂ ಹಾಗೆಯೇ ಅನ್ವಯಿಸುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ ಆ ವರ್ಷ, ಕೃಪಾಂಕ ಸೇರಿಸಿಯೂ, ಶೇ. 73.40ಕ್ಕೆ ಇಳಿಯಿತು. ಆದರೆ ಮುಸ್ಲಿಮ್ ವಿದ್ಯಾರ್ಥಿಗೆ ಕ್ಯಾಮೆರಾ ಬರುವ ಮುಂಚೆಯೂ ನೋಡುವವನೊಬ್ಬನಿದ್ದನು.

ಇನ್ನೊಂದು, ಪುಸ್ತಕ ತೆರೆಯದೆ ನೆನಪಿನ ಶಕ್ತಿಗಾಗಿ ತಾಯಿತ ಹುಡುಕಿ ಹೊರಡುವುದು. ಜ್ಞಾನವನ್ನು ಹೆಚ್ಚಿಸೆಂದು ಬೇಡಿಕೊಳ್ಳಲು ಅಲ್ಲಾಹನೇ ಸೂರಃ ತಾಹಾದಲ್ಲಿ ಕಲಿಸಿದ್ದಾನೆ. ಆ ದುಆ ಪ್ರತಿಯೊಬ್ಬ ವಿದ್ಯಾರ್ಥಿಯ ನಾಲಿಗೆಯ ಮೇಲಿರಲಿ. ಆದರೆ ಅದೇ ಆಯತ್‌ನಲ್ಲಿ ಕುರ್‌ಆನಿನ ವಿಷಯದಲ್ಲಿ ಆತುರಪಡಬೇಡಿರೆಂಬ ಆದೇಶವೂ ಇದೆ. ಒಂಟೆಯನ್ನು ಕಟ್ಟಿ ಭರವಸೆಯಿಡಲೋ, ಬಿಟ್ಟು ಭರವಸೆಯಿಡಲೋ ಎಂದು ಕೇಳಿದವನಿಗೆ, ಕಟ್ಟಿ ಭರವಸೆಯಿಡು ಎಂದು ಪ್ರವಾದಿಯವರು(ಸ) ಉತ್ತರಿಸಿದ್ದು ತಿರ್ಮಿದಿಯಲ್ಲಿದೆ. ಕಲಿತ ಪಾಠ ಒಂಟೆಯಾದರೆ ಸಬ್ಕಿ ಮತ್ತು ಮಂಝಿಲ್ ಅದರ ಹಗ್ಗ. ಮೊದಲು ಕಟ್ಟೋಣ, ನಂತರ ಕೈಯೆತ್ತೋಣ.

ಹೆತ್ತವರೇ, "ನಿನಗೆ ತಲೆಯಿಲ್ಲ" ಎಂಬ ಮಾತನ್ನು ಇಂದಿನಿಂದ ಮನೆಯಲ್ಲಿ ಆಡಬೇಡಿ. ಹತ್ತು ಸಲ ಕೇಳಿದ ಮಗು ಅದನ್ನೂ ಬಾಯಿಪಾಠ ಮಾಡಿಬಿಡುತ್ತದೆ! ಶಾಲೆ ಬಿಡಿಸುವ ಮುಂಚೆ ನಲವತ್ತು ದಿನ ಈ ಕ್ರಮವನ್ನು ನಡೆಸಿ ನೋಡಿ. ದಿನಕ್ಕೆ ಒಂದು ಚಿಕ್ಕ ಸಬಕ್, ಬೆಳಿಗ್ಗೆ ಸಬ್ಕಿ, ರವಿವಾರ ಮಂಝಿಲ್, ಕೇಳಲು ತಾಯಿಯ ಎರಡು ಕಿವಿ. ಇದಕ್ಕೆ ಟ್ಯೂಷನ್ ಫೀ ಬೇಕಾಗಿಲ್ಲ.

ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ ಅದನ್ನು ಉಳಿಸಿಕೊಳ್ಳುವ ಸಹನೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.